ಅಮಾವಾಸ್ಯೆಗೆ ಹೆದರುವ ಮೀನುಗಳು

ಸೇಲಂನ ಗುಗೈ ಕಡೆ ನಮ್ಮ ನೇಕಾರರ ಬೀದಿಯಲ್ಲಿ ವೀರರಿಗೆ ಬರವಿಲ್ಲ. ನೀರಿನ ಲಾರಿಯನ್ನು ಅಡ್ಡ ಮಲಗಿ ನಿಲ್ಲಿಸಿದವರಿದ್ದಾರೆ, ಮದುವೆ ಮನೆಯಲ್ಲಿ ಮೂರನೇ ಪಂಕ್ತಿಗೂ ಕೂತು ಜಯಿಸಿ ಬಂದವರಿದ್ದಾರೆ. ಆದರೆ ಭಯದ ಮೇಲೆಯೇ ಯುದ್ಧ ಸಾರಿದವನು ಒಬ್ಬನೇ. ಅವನ ಹೆಸರು ಚೆನ್ನಕೇಶವ. ಅವನು ಬಿಡಿಸಲು ಹೊರಟಿದ್ದು ಮನುಷ್ಯರ ಭಯವನ್ನಲ್ಲ, ಮೀನುಗಳ ಭಯವನ್ನು. ಮನುಷ್ಯರ ಹತ್ತಿರ ಹೋಗಲು ಅವನಿಗೆ ಭಯ.

ಈ ದಂಡನಾಯಕನಿಗೆ ಹಲ್ಲಿ ಕಂಡರೆ ಆಗದು, ನಾಯಿ ಕಂಡರೆ ಆಗದು, ಫೋನು ಒದರಿದರೆ ಎದೆಗೆ ಕೈ ಹೋಗುತ್ತದೆ. ಪ್ರಿನ್ಸಿಪಾಲರು ಎರಡು ಕೋಣೆ ಆಚೆ ಕೆಮ್ಮಿದರೆ ಇಲ್ಲಿ ಇವನು ಎದ್ದು ನಿಲ್ಲುತ್ತಾನೆ. ಕೆಲಸಕ್ಕೆಂದು ದಿನವೂ ಬಸ್ಸಿನಲ್ಲಿ ತೊಪ್ಪೂರು ಘಾಟು ದಾಟಬೇಕು. ಅಲ್ಲಿ ಲಾರಿಗಳು ಬ್ರೇಕು ಕಳೆದುಕೊಂಡು ಉರುಳುವುದನ್ನು ಪೇಪರಿನಲ್ಲಿ ಓದಿದಾಗಿನಿಂದ ಇಡೀ ಘಾಟನ್ನು ಕಣ್ಣು ಮುಚ್ಚಿಕೊಂಡೇ ದಾಟುತ್ತಾನೆ. ಇಷ್ಟು ವರ್ಷ ಓಡಾಡಿದರೂ ಆ ಬೆಟ್ಟ ಯಾವ ಬಣ್ಣದ್ದೆಂದು ಅವನಿಗೆ ತಿಳಿಯದು.

ಹುಟ್ಟಿನಿಂದಲೂ ಅವನು ಹೀಗೆಯೇ. ತಾಯಿ ತಂಗಮ್ಮ ನೇಕಾರ್ತಿ. ಮಗುವಿನ ತೊಟ್ಟಿಲನ್ನು ಮಗ್ಗದ ಮೇಲಿನ ತೊಲೆಗೇ ಕಟ್ಟಿದ್ದಳು. ಲಾಳಿ ಓಡಿ ಮಗ್ಗ ದಡಕ್ ದಡಕ್ ಎನ್ನುವಷ್ಟು ಹೊತ್ತೂ ತೊಟ್ಟಿಲು ತಾನಾಗಿ ಅದುರುತ್ತಿತ್ತು, ಮಗು ರಾಜನಂತೆ ಮಲಗಿರುತ್ತಿತ್ತು. ಅಮಾವಾಸ್ಯೆ ಬಂತೆಂದರೆ ಮಾತ್ರ ಬೆಳಗಿನಿಂದ ಸಂಜೆವರೆಗೆ ಬೀದಿ ಹಾರಿಹೋಗುವಂತೆ ಅಳು. ನೇಕಾರರು ಅಮಾವಾಸ್ಯೆಯಂದು ಮಗ್ಗ ಮುಟ್ಟುವುದಿಲ್ಲ, ಅದು ನಮಗೆ ರಜೆ. ಆ ದಿನ ಮಗುವಿಗೆ ಗಾಳಿ ಸೋಕುತ್ತದೆ ಎಂದು ಬೀದಿಯ ಹಿರಿಯರು ತೀರ್ಮಾನಿಸಿ, ಮೆಣಸಿನಕಾಯಿ ಸುಟ್ಟು, ತಾಯಿತ ಕಟ್ಟಿ, ಚೌಡಮ್ಮನಿಗೆ ಹರಕೆ ಹೊತ್ತರು. ಮೆಣಸಿನ ಘಾಟಿಗೆ ಮಗು ಇನ್ನಷ್ಟು ಅತ್ತಿತು. ಗಾಳಿ ಬಲವಾಗಿದೆ ಎಂದು ಇನ್ನಷ್ಟು ಮೆಣಸಿನಕಾಯಿ ಸುಟ್ಟರು. ನಮ್ಮ ಬೀದಿಯ ವಿಜ್ಞಾನ ಆ ಕಾಲಕ್ಕೇ ಆ ಮಟ್ಟದಲ್ಲಿತ್ತು.

ಮಗು ಬೆಳೆದು ಫಾರ್ಮಸಿ ಓದಿತು. ಘಾಟಿನ ಆಚೆ, ಧರ್ಮಪುರಿ ದಾರಿಯಲ್ಲಿ ಬೆಟ್ಟದ ಬುಡಕ್ಕೆ ಅಂಟಿಕೊಂಡ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರಿತು. ಹುಡುಗರು ಗಲಾಟೆ ಮಾಡಿದರೆ ಮೇಷ್ಟ್ರೇ ಹೊರಗೆ ಹೋಗಿ ನಿಲ್ಲುವುದು ಆ ತರಗತಿಯ ಸಂಪ್ರದಾಯವಾಯಿತು. ಹೇಗೋ ಕೂದಲು ಹಣ್ಣಾಗುವ ತನಕ ನಡೆದುಕೊಂಡು ಬಂತು. ಆಮೇಲೆ ಕಾಲೇಜಿನವರು ಒಂದು ಗಡುವು ಹಾಕಿದರು: ಈ ಶೈಕ್ಷಣಿಕ ವರ್ಷ ಮುಗಿಯುವುದರೊಳಗೆ ಡಾಕ್ಟರೇಟ್ ಇಲ್ಲದವರೆಲ್ಲ ಮನೆಗೆ. ಚೆನ್ನಕೇಶವನ ಸಂಶೋಧನೆ ಆಗ ಅರ್ಧದಾರಿಯಲ್ಲಿ ಕುಂಟುತ್ತಿತ್ತು. ಡಾಕ್ಟರೇಟ್ ಬಂದರೆ ಕೆಲಸ, ಬಾರದಿದ್ದರೆ ಮಗ್ಗ. ಮಗ್ಗಕ್ಕೆ ಕೂರಲೂ ಅವನಿಗೆ ಬರುತ್ತಿರಲಿಲ್ಲ. ಓದುವ ಮಗನ ಕೈ ಒರಟಾಗಬಾರದೆಂದು ತಂಗಮ್ಮ ಲಾಳಿ ಮುಟ್ಟಲು ಬಿಟ್ಟಿರಲಿಲ್ಲ.

ಅವನ ಗೈಡು ರಾಜಕುಮಾರ್ ಕಾಲೇಜಿನ ಪ್ರಿನ್ಸಿಪಾಲರೂ ಹೌದು. ಕಾರಿಮಂಗಲಂ ಕಡೆಯ ಕನ್ನಡದವರು. ಅವರ ಅಜ್ಜ ಕುರಿ ಕಾಯುತ್ತಿದ್ದ, ಇವರು ಸಂಶೋಧಕರನ್ನು ಕಾಯುತ್ತಾರೆ. ಎರಡರಲ್ಲೂ ಉಣ್ಣೆ ಕತ್ತರಿಸುವುದೇ ಮುಖ್ಯ. ವಿಷಯ ಆರಿಸಿಕೊಟ್ಟವರೂ ಅವರೇ. ಮಿದುಳಿನಲ್ಲಿ ಮನಸ್ಸನ್ನು ತಣ್ಣಗಿಡುವ ಒಂದು ವಸ್ತು ಊರುತ್ತದೆ. ಅದನ್ನು ತಿಂದು ಮುಗಿಸುವ ಒಂದು ಕಿಣ್ವವೂ ಪಕ್ಕದಲ್ಲೇ ಕೂತಿರುತ್ತದೆ. ಗಿಡದಿಂದ ತೆಗೆದ ಯಾವುದಾದರೂ ಸಾರ ಆ ಕಿಣ್ವದ ಬಾಯಿ ಕಟ್ಟಿದರೆ ತಣ್ಣಗಿಡುವ ವಸ್ತು ಉಳಿಯುತ್ತದೆ, ಭಯ ಇಳಿಯುತ್ತದೆ. ಗಿಡವಾಗಿ ಆವರಿಕೆ ಹೂ. ಹರೂರು ರಸ್ತೆಯ ಬೀಳುಗಳಲ್ಲಿ ಹಳದಿಯಾಗಿ ಅರಳಿ ನಿಂತಿರುತ್ತದೆ, ಕೇಳುವವರಿಲ್ಲ. ಪರೀಕ್ಷೆಗೆ ಬೆರಳಿನ ಗೆಣ್ಣಿನಷ್ಟುದ್ದದ ಪಟ್ಟೆ ಮೀನು.

"ಇಲಿ ಬೇಡ್ವಾ ಸಾರ್?" ಎಂದು ಚೆನ್ನಕೇಶವ ಕೇಳಿದ.

"ಇಲಿ ಕಂಡ್ರೆ ನೀನು ಬೆಂಚ್ ಅತ್ತೀಯ. ಮೀನೇ ನಿಂಗೆ ಸರಿ. ಕಚ್ಚಕಿಲ್ಲ, ಓಡಕಿಲ್ಲ, ಗಲಾಟೆ ಮಾಡಕಿಲ್ಲ."

ಕಾಲೇಜಿನಲ್ಲಿ ಮೀನಿನ ಪ್ರಯೋಗಶಾಲೆ ಎಂದು ಬೋರ್ಡು ಹಾಕಿದ ಕೋಣೆಯೊಂದಿತ್ತು. ತಪಾಸಣೆಗೆ ಬರುವವರಿಗೆ ತೋರಿಸಲು ಗಾಜಿನ ತೊಟ್ಟಿಗಳು, ಪ್ಲಾಸ್ಟಿಕ್ ಗಿಡ, ತಂಪು ಯಂತ್ರ ಎಲ್ಲ ಇದ್ದವು. ತಪಾಸಣೆ ಮುಗಿದ ಕೂಡಲೇ ವಿದ್ಯುತ್ ಉಳಿಸಲು ಎಲ್ಲವನ್ನೂ ಆರಿಸುತ್ತಿದ್ದರು, ಮೀನುಗಳು ವಿಜ್ಞಾನಕ್ಕಾಗಿ ಪ್ರಾಣ ಬಿಡುತ್ತಿದ್ದವು. ಎರಡು ಸಲ ಹೀಗಾದ ಮೇಲೆ ರಾಜಕುಮಾರ್, "ಮನೇಗ್ ತಗೊಂಡೋಗಿ ಮಾಡ್ಕೋಪ್ಪ. ಬರಿಯೋವಾಗ ನಿಯಂತ್ರಿತ ಪರಿಸರ ಅಂತ ಬರಿ, ಪೋದುಂ," ಎಂದು ಅಪ್ಪಣೆ ಕೊಟ್ಟರು. ಪೋದುಂ ಅಂದರೆ ಸಾಕು. ಅದು ಅವರ ಇಡೀ ವಿದ್ವತ್ತಿನ ಸಾರವೂ ಹೌದು.

ನಿಯಂತ್ರಿತ ಪರಿಸರವೆಂದರೆ ತಂಗಮ್ಮನ ಮಗ್ಗದ ಕೋಣೆ. ಮನೆಯಲ್ಲಿ ಬೇರೆ ಜಾಗವಿರಲಿಲ್ಲ. ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂರುವ ಹಳೆಯ ಮಗ್ಗ, ಅದರ ಪಕ್ಕದ ಕಟ್ಟೆಯ ಮೇಲೆ ಮೀನಿನ ತೊಟ್ಟಿ, ಮೂಲೆಯಲ್ಲಿ ರಾಟೆ ತಿರುಗಿಸುತ್ತ ಕಂಡಿಕೆಗೆ ನೂಲು ಸುತ್ತುವ ಹೆಂಡತಿ ಶಿವಲಕ್ಷ್ಮಿ. ಮೀನಿಗೆ ಊಟ ಹಾಕುವ ಹೊಣೆ ತಂಗಮ್ಮ ತಾನೇ ವಹಿಸಿಕೊಂಡಳು. ಅವಳಿಗೊಂದು ಪದ್ಧತಿ: ಮಗ್ಗಕ್ಕೆ ಕೂತು ನಾಲ್ಕು ಎಳೆ ಹೊಡೆದು, ಕೈ ಹದಕ್ಕೆ ಬಂದ ಮೇಲೆ, ಕೂತಲ್ಲಿಂದಲೇ ತೊಟ್ಟಿಗೆ ಒಂದು ಚಿಟಿಕೆ ಕಡಲೆ ಹಿಟ್ಟು ಉದುರಿಸುವುದು. ನಡುವೆ ಎಷ್ಟು ಸಲ ಎದ್ದು ಕೂತರೂ ಅಷ್ಟು ಸಲ ಒಂದು ಚಿಟಿಕೆ. ದುಡಿಯುವ ಮನೆಯಲ್ಲಿ ಕೂತು ತಿನ್ನುವವರು ಹಸಿದಿರಬಾರದು ಎಂಬುದು ಅವಳ ಸಿದ್ಧಾಂತ. ಮಗನಿಗೂ ಅದೇ ಸಿದ್ಧಾಂತದ ಮೇಲೆ ಅನ್ನ ಹಾಕುತ್ತಿದ್ದಳು.

ಪರೀಕ್ಷೆಯ ವಿಧಾನ ಸರಳ. ಮೀನನ್ನು ಹಿಡಿದು ಹೊಸ ಗಾಜಿನ ತೊಟ್ಟಿಗೆ ಬಿಡಬೇಕು. ಹೊಸ ಜಾಗವಾದ್ದರಿಂದ ಹೆದರಿದ ಮೀನು ತಳಕ್ಕೆ ಹೋಗಿ ಕೂರುತ್ತದೆ. ಭಯವಿಲ್ಲದ ಮೀನು ಮೇಲೆ ಬಂದು ಈಜುತ್ತದೆ. ಸಾರ ಬೆರೆಸಿದ ನೀರಿನಲ್ಲಿ ಮೊದಲೇ ಸ್ವಲ್ಪ ಹೊತ್ತು ಇರಿಸಿದ ಮೀನು, ಬರಿ ನೀರಿನಲ್ಲಿ ಇರಿಸಿದ ಮೀನು, ಈ ಎರಡನ್ನೂ ಹೋಲಿಸಬೇಕು.

ಶಿವಲಕ್ಷ್ಮಿ ರಾಟೆ ನಿಲ್ಲಿಸಿ ಕೇಳಿದಳು. "ಕೆಳಗ್ ಕೂತ್ರೆ ಭಯ, ಮ್ಯಾಕ್ ಬಂದ್ರೆ ಧೈರ್ಯ. ಅಷ್ಟೇಯಾ?"

"ಅಷ್ಟೇ."

"ಅಂಗಾದ್ರೆ ನಿಮ್ಮನ್ನ ಪರೀಕ್ಷೆ ಮಾಡಕ್ಕೆ ಗಾಜಿನ ತೊಟ್ಟಿ ಬ್ಯಾಡ. ನೆಂಟ್ರು ಬಂದ್ರೆ ಸಾಕು, ನೀವು ಮಂಚದ ಕೆಳಗೇ ಇರ್ತೀರ."

"ನಗ್ಬೇಡ ಕಣೇ, ಇದು ರಿಸರ್ಚು," ಎಂದ ವೀರ.

ಪ್ರಯೋಗ ಶುರುವಾಯಿತು. ದಿನವೂ ಬೆಳಗ್ಗೆ ಬಸ್ಸಿಗೆ ಹೊರಡುವ ಮುಂಚೆ, ತಂಗಮ್ಮ ಮಗ್ಗಕ್ಕೆ ಕೂತ ಹೊತ್ತಿನಲ್ಲೇ, ಅವನು ಮೀನುಗಳನ್ನು ಸಾರದಲ್ಲಿ ನೆನೆಸಿ ಹೊಸ ತೊಟ್ಟಿಗೆ ಬಿಡುತ್ತಿದ್ದ. ಅಮಾವಾಸ್ಯೆ ಬಂದಾಗ ಒಂದು ತೊಡಕು ಎದುರಾಯಿತು. ಅವನು ಹನಿ ಹಾಕುವ ನಳಿಕೆ ಎತ್ತಿದ್ದೇ ತಡ, ತಂಗಮ್ಮ ಅಡಿಗೆ ಮನೆಯಿಂದ ಬಂದು ಕೈ ಹಿಡಿದಳು.

"ಏನ್ಲಾ ಅದು?"

"ಮದ್ದು ಕಣವ್ವ. ಮೀನಿಗೆ."

"ಅಮಾಸೆ ದಿನ ಯಾವ ಜೀವಕ್ಕೂ ಮದ್ದು ಸುರು ಮಾಡಬಾರ್ದು. ಅಷ್ಟೂ ತಿಳೀದಾ, ಕಾಲೇಜ್‌ನಾಗೆ ಪಾಟ ಏಳ್ತೀಯ?"

"ಅವ್ವ, ಪಕ್ಕದ ಮನೆ ಸೆಲ್ವಂ ಅಮಾಸೆ ದಿನಾನೇ ಬೈಕ್ ತಂದ. ನಿರೈಞ್ಜ ಅಮಾವಾಸೈ, ತುಂಬಿದ ಅಮಾಸೆ, ಒಳ್ಳೇ ದಿನ ಅಂತಾರೆ."

"ಅವ್ರು ತಮಿಳ್ರು. ಅವ್ರ್ ಅಮಾಸೆ ಬ್ಯಾರೆ, ನಮ್ ಅಮಾಸೆ ಬ್ಯಾರೆ. ಇಡು ಕೆಳಗೆ."

ಒಂದೇ ಗೋಡೆಯ ಆ ಕಡೆ ಶುಭದಿನ, ಈ ಕಡೆ ಅಶುಭ. ಸೇಲಂನ ಕನ್ನಡದವರಿಗೆ ಇದು ಹೊಸದಲ್ಲ. ಸೆಲ್ವಂನ ಅಮಾವಾಸ್ಯೆ ಪಾಯಸದ ವಾಸನೆ ನಮ್ಮ ಕಡೆ ಬರುತ್ತದೆ, ನಮ್ಮ ಅಮಾವಾಸ್ಯೆಯ ಮೆಣಸಿನ ಹೊಗೆ ಅವನ ಕಡೆ ಹೋಗುತ್ತದೆ. ಭಯದ ಮೇಲೆ ಯುದ್ಧ ಸಾರಿದ ವೀರನಿಗೆ ಅವ್ವನ ಮೇಲೆ ಸಾರುವ ಎದೆಯಿರಲಿಲ್ಲ. ನಳಿಕೆ ಕೆಳಗಿಟ್ಟ. ಆದರೆ ಮಗ್ಗ ನಿಂತು ಮನೆ ತಣ್ಣಗಿರುವ ರಜೆಯ ದಿನವನ್ನು ಹಾಳು ಮಾಡಲೂ ಮನಸ್ಸಿಲ್ಲ. ಆಗ ಅವನ ತಲೆಗೊಂದು ಮಹಾ ಉಪಾಯ ಹೊಳೆಯಿತು. ಮದ್ದು ತಾನೆ ಬೇಡ ಅಂದದ್ದು? ಬರಿ ನೀರಿನ ಮೀನುಗಳ ಸರದಿಯನ್ನು ಅಮಾವಾಸ್ಯೆಗೇ ಇಟ್ಟುಕೊಂಡರಾಯಿತು. ಅಂದಿನಿಂದ ಅದೇ ಕ್ರಮವಾಯಿತು. ಮಗ್ಗ ಓಡುವ ದಿನ ಮದ್ದಿನ ಮೀನು, ಮಗ್ಗ ನಿಂತ ದಿನ ಬರಿ ನೀರಿನ ಮೀನು. ಅವ್ವನಿಗೂ ತೃಪ್ತಿ, ವಿಜ್ಞಾನಕ್ಕೂ ತೃಪ್ತಿ.

ಫಲ ನೋಡಿ ಅವನೇ ಬೆಚ್ಚಿದ. ಬರಿ ನೀರಿನ ಮೀನುಗಳು ಅಮಾವಾಸ್ಯೆಯ ಮೌನದಲ್ಲಿ ತಳ ಹಿಡಿದು ಕಲ್ಲಿನಂತೆ ಕೂತವು. ಮದ್ದಿನ ಮೀನುಗಳು ಹೊಸ ತೊಟ್ಟಿಗೆ ಬಿದ್ದ ಕ್ಷಣವೇ ಮೇಲೆ ಬಂದು ಎದೆಯುಬ್ಬಿಸಿ ಈಜಿದವು. ತಿಂಗಳ ಮೇಲೆ ತಿಂಗಳು ಅದೇ. ಒಂದು ಮೀನೂ ತಪ್ಪಲಿಲ್ಲ. ಅವನು ಗೀರಿದ ನಕ್ಷೆಯಲ್ಲಿ ಎರಡು ಗೆರೆಗಳು ಜಗಳವಾಡಿದ ಅಣ್ಣತಮ್ಮಂದಿರಂತೆ ಎಂದೂ ಹತ್ತಿರ ಬರಲಿಲ್ಲ. ರಾಜಕುಮಾರ್ ನಕ್ಷೆಯನ್ನು ಹಿಡಿದುಕೊಂಡು ಕಾಲೇಜಿನ ಮಾಲೀಕರಿಂದ ಹಿಡಿದು ವಾಚ್‌ಮ್ಯಾನ್‌ವರೆಗೆ ತೋರಿಸಿಬಂದರು. ಆವರಿಕೆ ಹೂವಿನ ಮಾತ್ರೆ, ಅದರ ಡಬ್ಬಿ, ಡಬ್ಬಿಯ ಮೇಲೆ ತಮ್ಮ ಭಾವಚಿತ್ರ, ಎಲ್ಲ ಅವರ ಕಣ್ಣ ಮುಂದೆ ಸುಳಿಯಿತು. ಬೀದಿಯ ಹುಡುಗರು ತಡಮಾಡದೆ ಒಂದು ಫ್ಲೆಕ್ಸು ಮಾಡಿಸಿದರು. 'ಡಾಕ್ಟರ್ ಚೆನ್ನಕೇಶವ, ನಮ್ಮ ಕುಲದ ಹೆಮ್ಮೆ.' ಪಕ್ಕದಲ್ಲಿ ಮೀನಿನ ಚಿತ್ರ ಬೇಕಿತ್ತು. ಅಂಗಡಿಯವನ ಹತ್ತಿರ ಇದ್ದದ್ದು ಬಾಯಿ ತೆರೆದ ತಿಮಿಂಗಿಲ. ಅದನ್ನೇ ಹಾಕಿದರು. ಇಷ್ಟು ದೊಡ್ಡದಕ್ಕೆ ಧೈರ್ಯ ತುಂಬಿದನೆಂದರೆ ಸಾಮಾನ್ಯವೇ ಎಂದು ಬೀದಿ ಬೆರಗಾಯಿತು. ದೇವರು ಒಮ್ಮೆ ಮೀನಾಗಿ ವೇದವನ್ನು ಉಳಿಸಿದನಂತೆ. ಅದೇ ದೇವರ ಹೆಸರಿನವನು ಈಗ ಮೀನಿನಿಂದ ನೌಕರಿ ಉಳಿಸಿಕೊಳ್ಳಲು ಹೊರಟ.

ಕೊನೆಯ ಪರೀಕ್ಷೆಗೆ ಹೊರಗಿನಿಂದ ಬರಲಿದ್ದ ವಿದ್ವಾಂಸೆಯ ಹೆಸರು ಇಂದುಜಾ. ಗ್ರಂಥವನ್ನು ಓದಿ ಅವರು ಒಂದೇ ಸಾಲು ಹೇಳಿಕಳಿಸಿದರು: ಫಲಿತಾಂಶ ತುಂಬ ಚೆಂದವಾಗಿದೆ, ಆದ್ದರಿಂದ ಮೀನುಗಳನ್ನು ಕಣ್ಣಾರೆ ನೋಡಬೇಕು. ಇದನ್ನು ರಾಜಕುಮಾರ್ ಹೊಗಳಿಕೆ ಎಂದುಕೊಂಡರು. ಚೆನ್ನಕೇಶವ ಮಾತ್ರ ಆವತ್ತಿನಿಂದ ಅನ್ನ ಬಿಟ್ಟ.

ಪರೀಕ್ಷೆಯ ಬೆಳಗ್ಗೆ ಅವನು ಒಂದು ಲೋಟ ಆವರಿಕೆ ಸಾರವನ್ನು ತಾನೇ ಕುಡಿದ. ಮೀನಿಗೆ ಹನಿಯಾದರೆ ಮನುಷ್ಯನಿಗೆ ಲೋಟ ಎಂಬ ಲೆಕ್ಕ. ಕಿಣ್ವದ ಬಾಯಿ ಕಟ್ಟಿತೋ ಇಲ್ಲವೋ, ಹೊಟ್ಟೆಯ ಬಾಯಿ ಬಿಚ್ಚಿಕೊಂಡಿತು. ಕೈ ನಡುಕ ಎಳ್ಳಷ್ಟೂ ಇಳಿಯಲಿಲ್ಲ. ತಾನೊಬ್ಬ ಪ್ರಾಮಾಣಿಕ ಪ್ರಯೋಗಪಶು ಎಂದು ಆಗಲೇ ಒಪ್ಪಿಕೊಂಡಿದ್ದರೆ ಗ್ರಂಥಕ್ಕೆ ಒಂದು ಒಳ್ಳೆಯ ಅಧ್ಯಾಯ ಸಿಗುತ್ತಿತ್ತು.

"ಇನ್ನೊಂದ್ ಲೋಟ ಕುಡೀರಿ," ಎಂದಳು ಶಿವಲಕ್ಷ್ಮಿ. "ಭಯ ಓಗ್ದಿದ್ರೂ ಬಸ್ಸಿಗ್ ಓಗಾದು ತಪ್ತದೆ."

ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲಗಳಲ್ಲಿ ಮೀನುಗಳನ್ನು ಮಡಿಲಲ್ಲಿಟ್ಟುಕೊಂಡು ಬಸ್ಸು ಹತ್ತಿದ. ತೊಪ್ಪೂರು ಘಾಟು ಬಂದಾಗ ಎಂದಿನಂತೆ ಕಣ್ಣು ಮುಚ್ಚಿದ. ಮೀನಿಗೆ ರೆಪ್ಪೆ ಇಲ್ಲ. ಅವನ ಸಂಸಾರದಲ್ಲಿ ಆ ಘಾಟನ್ನು ಪೂರ್ತಿ ಕಂಡವು ಅವೇ.

ಕಾಲೇಜಿನ ಮೀನಿನ ಕೋಣೆಯಲ್ಲಿ ಅಂದು ಎಲ್ಲವೂ ಹೊಳೆಯುತ್ತಿತ್ತು. ತಂಪು ಯಂತ್ರ ಸದ್ದಿಲ್ಲದೆ ಓಡುತ್ತಿತ್ತು. ಮೇಜಿನ ಮೇಲೆ ಎರಡು ಹೊಸ ತೊಟ್ಟಿ. ಎಡಗಡೆಯದಕ್ಕೆ ಮದ್ದಿನಲ್ಲಿ ನೆನೆಸಿದ ಮೀನುಗಳು, ಬಲಗಡೆಯದಕ್ಕೆ ಬರಿ ನೀರಿನವು. ಇಂದುಜಾ ಕನ್ನಡಕ ಸರಿಮಾಡಿಕೊಂಡು ಮುಂದೆ ಕುರ್ಚಿ ಎಳೆದುಕೊಂಡರು. ಚೆನ್ನಕೇಶವ ಮೀನು ಬಿಟ್ಟು ಎದುರಿನ ಕುರ್ಚಿಯ ತುದಿಗೆ ಕೂತ.

ಬಲಗಡೆಯವು ತಳಕ್ಕೆ ಹೋಗಿ ಕೂತವು. ರಾಜಕುಮಾರ್ ತಲೆದೂಗಿದರು. ಎಡಗಡೆಯವೂ ತಳಕ್ಕೆ ಹೋಗಿ ಕೂತವು. ರಾಜಕುಮಾರರ ತಲೆ ದೂಗುತ್ತಿದ್ದುದು ನಡುವೆಯೇ ನಿಂತಿತು.

ಎರಡು ತೊಟ್ಟಿಯ ಮೀನುಗಳೂ ಕಲ್ಲಿನಂತೆ. ಚೆನ್ನಕೇಶವನ ಅಂಗಿ ಬೆನ್ನಿಗೆ ಅಂಟಿತು. ಅವನಿಗೆ ಕಾಣುತ್ತಿದ್ದುದು ಮೀನಲ್ಲ. ಹೋಗುತ್ತಿರುವ ಕೆಲಸ, ಬೀದಿಯಲ್ಲಿ ನೇತಾಡುವ ತಿಮಿಂಗಿಲ.

"ಪ್ರಯಾಣದ ಸುಸ್ತು ಮೇಡಂ," ಎಂದರು ರಾಜಕುಮಾರ್.

ಆ ಹೊತ್ತಿಗೆ ಕರೆಂಟು ಹೋಯಿತು. ಗೋಡೆಯ ಆಚೆ ಇದ್ದ ಕಾಲೇಜಿನ ಮುದಿ ಡೀಸೆಲ್ ಜನರೇಟರು ಎರಡು ಸಲ ಕೆಮ್ಮಿ, ಮೂರನೆಯದಕ್ಕೆ ಹಿಡಿದುಕೊಂಡಿತು. ದಡಕ್ ದಡಕ್, ದಡಕ್ ದಡಕ್. ಮೇಜು ಅದುರಿತು, ನೀರಿನ ಮೇಲೆ ಸಣ್ಣ ಸುಕ್ಕು ಬಿತ್ತು.

ಮೀನುಗಳು ಎದ್ದವು. ಎಡಗಡೆಯವು ಎದ್ದವು, ಬಲಗಡೆಯವೂ ಎದ್ದವು. ಎಲ್ಲವೂ ಒಟ್ಟಿಗೆ ನೀರಿನ ತುದಿಗೆ ಬಂದು, ಬಾಯಿ ತೆರೆದು, ಅತ್ತಿಂದಿತ್ತ ಸುತ್ತತೊಡಗಿದವು.

"ಕೆಲ್ಸ ಮಾಡ್ತು ಮೇಡಂ," ಎಂದರು ರಾಜಕುಮಾರ್ ಸಂಭ್ರಮದಿಂದ. "ಮದ್ದು ಇಳಿಯಕ್ಕೆ ಸ್ವಲ್ಪ ಟೈಮ್ ತಗೊಳ್ತು, ಅಷ್ಟೇ."

"ಬರಿ ನೀರಿನವೂ ಬಂದವಲ್ಲ?" ಎಂದು ಇಂದುಜಾ ತಮಿಳಿನಲ್ಲಿ ಕೇಳಿದರು.

ರಾಜಕುಮಾರ್ ಒಂದು ಗಳಿಗೆಯೂ ತಡವರಿಸಲಿಲ್ಲ. "ಅದು ನಂಬಿಕೆ ಮೇಡಂ. ಮದ್ದು ಕುಡಿದಿದೀವಿ ಅಂದ್ಕೊಂಡ್ರೂ ವಾಸಿಯಾಗುತ್ತೆ. ಮನುಷ್ಯರಿಗೆ ಆಗಲ್ವಾ?"

ಮೀನಿಗೆ ನಂಬಿಕೆಯನ್ನು ಕರುಣಿಸಿದ ಈ ಹೊಸ ಮತಸ್ಥಾಪಕರನ್ನು ಇಂದುಜಾ ಅಲ್ಲಿಗೇ ಬಿಟ್ಟರು. ಆಮೇಲೆ ಚೆನ್ನಕೇಶವನ ಕಡೆ ತಿರುಗಿದರು. "ನೀವು ಹೇಳಿ. ಬರಿ ನೀರಿನ ಮೀನುಗಳನ್ನ ಮನೆಯಲ್ಲಿ ಯಾವ ದಿನ ಪರೀಕ್ಷೆ ಮಾಡ್ತಿದ್ರಿ?"

ಎರಡು ಬಗೆಯ ಮೀನನ್ನೂ ಬೆರೆಸಿಕೊಂಡು ಮಾಡಿದೆ, ಇಂಥ ದಿನವೆಂದಿಲ್ಲ, ಎಂದರೆ ಮುಗಿಯುತ್ತಿತ್ತು. ಗ್ರಂಥದಲ್ಲಿ ಹಾಗೇ ಬರೆದಿತ್ತು, ಬರೆಸಿದವರು ಮೇಜಿನ ಕೆಳಗೆ ಅವನ ಕಾಲು ತುಳಿಯುತ್ತಿದ್ದರು. ಅದೊಂದು ಸುಳ್ಳಿನ ಆಚೆ ಡಾಕ್ಟರೇಟ್ ಇತ್ತು, ಕೆಲಸವಿತ್ತು. ಬೇರೆ ದಿನವಾಗಿದ್ದರೆ ಚೆನ್ನಕೇಶವ ಹೆದರಿಕೊಂಡೇ ಆ ಸುಳ್ಳನ್ನು ಹೇಳಿ ಡಾಕ್ಟರನಾಗಿಬಿಡುತ್ತಿದ್ದ. ಲೋಕದಲ್ಲಿ ಎಷ್ಟೋ ಡಾಕ್ಟರುಗಳು ಹೆದರಿಕೆಯಿಂದಲೇ ಆದವರು. ಆದರೆ ಅಂದು ಒಂದು ವಿಚಿತ್ರ ನಡೆಯಿತು. ಗೋಡೆಯ ಆಚೆ ದಡಕ್ ದಡಕ್. ನೆಲದಿಂದ ಕುರ್ಚಿಗೆ, ಕುರ್ಚಿಯಿಂದ ಬೆನ್ನುಹುರಿಗೆ ಆ ಅದುರು ಏರಿತು. ಅವನ ಕೈ ನಡುಕ ನಿಂತಿತು. ಎದೆ ತನ್ನ ಪಾಡಿಗೆ ತಾನು ಬಡಿದುಕೊಳ್ಳತೊಡಗಿತು. ತೊಟ್ಟಿಲು ಬಿಟ್ಟ ಮೇಲೆ ಮೊದಲ ಸಲ, ಎದುರಿಗೆ ಇಬ್ಬರು ಪ್ರೊಫೆಸರುಗಳು ಕೂತಿದ್ದರೂ ಅವನಿಗೆ ಭಯವಾಗಲಿಲ್ಲ.

"ಅಮಾವಾಸ್ಯೆ ದಿನ," ಎಂದ.

"ಯಾಕೆ?"

"ಅವತ್ತು ಅವ್ವ ಮದ್ದು ಹಾಕಕ್ಕೆ ಬಿಡಲ್ಲ. ಮಗ್ಗಾನೂ ಓಡಲ್ಲ." ತನ್ನ ದನಿ ಇಷ್ಟು ನೆಟ್ಟಗಿರಬಹುದೆಂದು ಅವನಿಗೇ ಗೊತ್ತಿರಲಿಲ್ಲ. "ಮಗ್ಗ ಓಡಿದ್ರೆ ಅವ್ವ ಹಿಟ್ಟು ಹಾಕ್ತಾಳೆ. ಅದಕ್ಕೇ ಇವು ಮೇಲೆ ಬಂದಿರೋದು ಮೇಡಂ. ಧೈರ್ಯಕ್ಕಲ್ಲ, ಊಟಕ್ಕೆ. ಮದ್ದು ಏನೂ ಮಾಡಿಲ್ಲ."

ಅಷ್ಟರಲ್ಲಿ ಕರೆಂಟು ಬಂತು. ಜನರೇಟರು ನಿಂತಿತು. ಮೀನುಗಳು ಸರಕ್ಕನೆ ತಳಕ್ಕಿಳಿದವು, ಅವುಗಳ ಜೊತೆಗೆ ಚೆನ್ನಕೇಶವನೂ ಕುರ್ಚಿಯಲ್ಲಿ ಇಳಿದ. ಕೈ ಮತ್ತೆ ನಡುಗಿತು. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಬಾಯಿ ತೆರೆದ, ಮೀನಿನಂತೆಯೇ, ಸದ್ದು ಮಾತ್ರ ಬರಲಿಲ್ಲ. ಅವನ ಶೌರ್ಯದ ಆಯುಸ್ಸು ಒಂದು ಲೋಟ ಡೀಸೆಲ್ಲಿನಷ್ಟು. ಅಷ್ಟು ಸಾಕಾಗಿತ್ತು.

ಇಂದುಜಾ ಡಾಕ್ಟರೇಟ್ ಕೊಡಲಿಲ್ಲ. ಗ್ರಂಥವನ್ನು ತಳ್ಳಿಯೂ ಹಾಕಲಿಲ್ಲ. "ಮದ್ದಿನ ಮೀನುಗಳನ್ನೂ ಅಮಾವಾಸ್ಯೆ ದಿನ ನೋಡಿ, ಬಂದದ್ದನ್ನ ಬಂದ ಹಾಗೆ ಬರೀರಿ, ಮತ್ತೆ ಕಳಿಸಿ," ಎಂದು ಹೇಳಿ ಎದ್ದರು. ಬಾಗಿಲ ತನಕ ಬೀಳ್ಕೊಡಲು ಓಡಿದ ರಾಜಕುಮಾರ್ ವಾಪಸು ಬಂದು, "ಮೂವತ್ ವರ್ಷದಾಗೆ ನನ್ನ ಸ್ಟೂಡೆಂಟ್ ಒಬ್ನೂ ನಿಜ ಏಳಿ ನನ್ನ ಮಾನ ಕಳ್ದಿರಲಿಲ್ಲ ಕಣಯ್ಯ," ಎಂದರು. ಅದು ಅವರು ತಮ್ಮ ಬಗ್ಗೆ ಆಡಿದ ಒಂದೇ ಒಂದು ಖಚಿತವಾದ ಮಾತು. ಗಡುವು ಮುಗಿಯಿತು, ಚೆನ್ನಕೇಶವನ ಕೆಲಸ ಹೋಯಿತು. ಮುಂದಿನ ತಿಂಗಳು ರಾಜಕುಮಾರ್ ಯಾವುದೋ ಸಮ್ಮೇಳನದಲ್ಲಿ, ತಾಳಬದ್ಧ ಶಬ್ದದಿಂದ ಮೀನಿನ ಮನಶ್ಶಾಂತಿ ಎಂಬ ತಮ್ಮ ಸ್ವಂತ ಶೋಧದ ಬಗ್ಗೆ ಉಪನ್ಯಾಸ ಕೊಟ್ಟು ಶಾಲು ಹೊದಿಸಿಕೊಂಡು ಬಂದರಂತೆ.

ಬೀದಿಯ ಹುಡುಗರು ಫ್ಲೆಕ್ಸನ್ನು ಬಿಚ್ಚಿ ತಂದು ಜಗಲಿಯ ಮೇಲೆ ಹಾಕಿಹೋದರು. ತಂಗಮ್ಮನ ಮಗ್ಗದ ಮೇಲೆ ಹೆಂಚು ಸೋರುತ್ತಿತ್ತು. ಶಿವಲಕ್ಷ್ಮಿ ಅದನ್ನು ಅಲ್ಲಿಗೆ ಕಟ್ಟಿದಳು. ಈಗ ಮಗ್ಗಕ್ಕೆ ಕೂತು ತಲೆಯೆತ್ತಿದರೆ ತಿಮಿಂಗಿಲ ಬಾಯಿ ತೆರೆದುಕೊಂಡು ಕೆಳಗೆ ನೋಡುತ್ತದೆ.

"ಅದ್ಯಾಕ್ರವ್ವ ಅಂಗ್ ಬಾಯ್ ಬಿಟ್ಟೈತೆ?" ಎಂದು ನೇಯ್ದ ಬಟ್ಟೆ ಕೊಂಡುಹೋಗಲು ಬಂದವರು ಕೇಳಿದರೆ, "ಹಿಟ್ಟಿಗೆ," ಎನ್ನುತ್ತಾಳೆ ಶಿವಲಕ್ಷ್ಮಿ.

ಚೆನ್ನಕೇಶವ ತಾನು ಕಲಿಯದ ಮಗ್ಗವನ್ನು ಈ ವಯಸ್ಸಿನಲ್ಲಿ ಕಲಿಯತೊಡಗಿದ. ಎಳೆ ಕಡಿಯುತ್ತದೆ, ಲಾಳಿ ಜಾರುತ್ತದೆ, ತಂಗಮ್ಮ ಬೈಯುತ್ತಾಳೆ. ಆದರೆ ಗುಂಡಿಯಲ್ಲಿ ಕಾಲಿಟ್ಟು ಕೂತಷ್ಟು ಹೊತ್ತೂ ಕೈ ನಡುಗುವುದಿಲ್ಲ. ಫೋನು ಒದರಿದರೆ, ಒದರಲಿ ಬಿಡು, ಎನ್ನುತ್ತಾನೆ. ಬಾಗಿಲಿಗೆ ನಾಯಿ ಬಂದರೆ ಲಾಳಿ ತೋರಿಸುತ್ತಾನೆ. ಎದ್ದು ಬೀದಿಗೆ ಬಂದನೆಂದರೆ ಮತ್ತೆ ಹಳೆಯ ಚೆನ್ನಕೇಶವನೇ.

ಬಾಕಿ ಇದ್ದದ್ದು ಒಂದೇ ಪ್ರಯೋಗ. ಮಗ್ಗ ನಿಂತ ದಿನ ಮದ್ದಿನ ಮೀನು ಏನು ಮಾಡುತ್ತದೆ ಎಂದು ನೋಡದೆ ಅವನು ಒಂದು ಸಾಲೂ ಬರೆಯುವಂತಿರಲಿಲ್ಲ. ಅದಕ್ಕೆ ಅಮಾವಾಸ್ಯೆ ಬೇಕು, ಅಮಾವಾಸ್ಯೆಯಂದು ಅವ್ವನ ಅಪ್ಪಣೆ ಬೇಕು. ಕೆಲಸ ಕಳೆದುಕೊಳ್ಳಲು ಒದಗಿದ ಎದೆ ಇದಕ್ಕೆ ಒದಗಲಿಲ್ಲ, ಯಾಕೆಂದರೆ ಆ ದಿನ ಮಗ್ಗವೂ ಓಡುವುದಿಲ್ಲ. ಎರಡು ಅಮಾವಾಸ್ಯೆ ಹಾಗೇ ಬಂದು ಹೋದವು. ಮುಂದಿನದರ ಬೆಳಗ್ಗೆ ನಳಿಕೆ ಹಿಡಿದುಕೊಂಡು ತೊಟ್ಟಿಯ ಮುಂದೆ ನಿಂತ. ಕೈ ನಡುಗಿ ಸಾರದ ಹನಿ ಕಟ್ಟೆಯ ಮೇಲೆ ಬಿತ್ತು. ತಂಗಮ್ಮ ಚೌಡಮ್ಮನ ಗುಡಿಗೆ ಹೊರಟವಳು ಹೂವಿನ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಳು.

"ಅವ್ವ," ಎಂದ. "ಇವತ್ತು ಹಾಕ್ಲೇಬೇಕು."

"ಏನು?"

"ಮೀನಿಗೆ. ಇದು."

ತಂಗಮ್ಮ ನಳಿಕೆಯನ್ನು ನೋಡಿದಳು, ಮಗನನ್ನು ನೋಡಿದಳು, ಮೇಲೆ ತಿಮಿಂಗಿಲವನ್ನೂ ಒಮ್ಮೆ ನೋಡಿದಳು.

"ಆಕು ಕಣ್ಲಾ," ಎಂದಳು. "ಅದು ಮದ್ದೇ ಅಲ್ಲ ಅಂತ ಪರೀಕ್ಷೆಗ್ ಬಂದಿದ್ದ ಆ ಮೇಡಮ್ಮನ್ ಮುಂದೆ ನೀನೇ ಏಳಿ ಬಂದ್ಯಲ್ಲ. ಮದ್ದಾದ್ರೆ ತಾನೆ ಅಮಾಸೆ?"

ಅವಳು ಗುಡಿಗೆ ಹೋದಳು. ಮೀನುಗಳು ಸಾರದಲ್ಲಿ ನೆನೆದು, ಹೊಸ ತೊಟ್ಟಿಗೆ ಬಿದ್ದು, ಅಮಾವಾಸ್ಯೆಯ ಮೌನದಲ್ಲಿ ನೇರವಾಗಿ ತಳಕ್ಕಿಳಿದು ಕೂತವು. ಕಟ್ಟೆಗೆ ಗಲ್ಲವಿಟ್ಟು ನೋಡುತ್ತ ಚೆನ್ನಕೇಶವನೂ ಅವುಗಳ ಎದುರಿಗೆ ನೆಲದ ಮೇಲೆ ಕೂತ.